ಲೈಟ್ ಉರಿಯುತ್ತದೆ, ರೂಟರ್ ಏಳುವುದಿಲ್ಲ: ನಾಲ್ಕೂವರೆ ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ರೂಟರ್‌ಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಡಬ್ಬದಲ್ಲಿ ಜೊತೆಗೆ ಬಂದ ಅಡಾಪ್ಟರ್‌ಗೆ. ಇನ್ನರ್ಧ ಹಿಂದಿನ ಪೋರ್ಟ್‌ಗಳಿಗೆ. ಕಂಪನಿ ಹೆಸರು ಬರೆಯುವುದಿಲ್ಲ, ಯಾಕಂದರೆ ನಾನು ಹೇಳಲು ಹೊರಟಿರುವ ತೊಂದರೆ ಯಾವ ಕಂಪನಿಯ ರೂಟರ್‌ಗೆ ಬೇಕಾದರೂ ಬರುವಂಥದ್ದು.

ತಗೊಂಡದ್ದು 2021ರ ಜೂನ್‌ನಲ್ಲಿ. ಎರಡನೇ ಲಾಕ್‌ಡೌನ್ ಸಮಯ. ಮಗಳಿಗೆ ಆನ್‌ಲೈನ್ ಕ್ಲಾಸು, ನನಗೆ ಮನೆಯಲ್ಲೇ ಲೆಕ್ಕಪತ್ರದ ಕೆಲಸ. ಕೇಬಲ್‌ನವರು ಹಾಕಿಕೊಟ್ಟ ಫೈಬರ್ ಡಬ್ಬ, ಅದೇ ಓಎನ್‌ಟಿ, ಜಗಲಿಯ ಮೂಲೆಯಲ್ಲಿದೆ. ಅದರ ವೈಫೈ ನಡುಮನೆಗೇ ಬರುತ್ತಿರಲಿಲ್ಲ. ನಮ್ಮದು ಸಾಗರ ಪೇಟೆಯ ಹತ್ತಿರ ಹಳೇ ಮನೆ. ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಹಾಗಾಗಿ ನಾಲ್ಕು ಆಂಟೆನಾದ ಒಂದು ಎಸಿ1200 ರೂಟರ್ ತರಿಸಿ ನಡುಮನೆಯಲ್ಲಿ ಇಟ್ಟೆ.

ರೂಟರ್ ಬಗ್ಗೆ ದೂರಿಲ್ಲ. ಅದರ ವೈಫೈ ಎರಡು ತರಂಗದಲ್ಲಿ ಬರುತ್ತದೆ. 2.4 ಗಿಗಾಹರ್ಟ್ಸ್‌ನದು ಅಡುಗೆಮನೆ ದಾಟಿ ಬಚ್ಚಲಿನವರೆಗೆ ಹೋಗುತ್ತದೆ. 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುತ್ತದೆ, ಎರಡನೇ ಗೋಡೆಗೆ ಸುಸ್ತು. ಮಣ್ಣಿನ ಗೋಡೆಗೆ ಅಷ್ಟೇ ನಿರೀಕ್ಷೆ ಇಡಬೇಕು. ಡಬ್ಬದ ಮೇಲೆ 1200 ಅಂತ ದೊಡ್ಡದಾಗಿ ಬರೆದಿದ್ದಾರೆ, ಅದು ಆ ಎರಡು ತರಂಗದ ವೇಗ, 300 ಮತ್ತು 867 ಎಂಬಿಪಿಎಸ್, ಕೂಡಿಸಿ ಮೇಲಕ್ಕೆ ಏರಿಸಿದ ಲೆಕ್ಕ. ಹಿಂದಿನ ಪೋರ್ಟ್‌ಗಳು ಮಾತ್ರ ಬರೀ 100 ಎಂಬಿಪಿಎಸ್‌ನವು. ಅಂದರೆ ವೈಫೈ ಎಷ್ಟೇ ಜೋರಿದ್ದರೂ ಒಳಗೆ ಬರುವ ಇಂಟರ್ನೆಟ್ 94-95ಕ್ಕೆ ನಿಲ್ಲುತ್ತದೆ. ನನ್ನದು 100ರ ಪ್ಲಾನ್, ಬಾಧಕವಿಲ್ಲ. 200-300ರ ಪ್ಲಾನ್ ಇದ್ದವರು ಇಂಥದ್ದು ತಗೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ. ಗಿಗಾಬಿಟ್ ಪೋರ್ಟ್, ಅಂದರೆ 1000 ಎಂಬಿಪಿಎಸ್‌ನದು, ಇದೆಯಾ ಅಂತ ಕೇಳಿಯೇ ತಗೊಳ್ಳಿ.

ಮೂರು ವರ್ಷ ಅದನ್ನು ನಾನು ಮುಟ್ಟಲೇ ಇಲ್ಲ. ಧೂಳು ಒರೆಸಿದ್ದಷ್ಟೇ.

2024ರ ಜುಲೈ. ಮಲೆನಾಡಿನ ಮಳೆಗಾಲ, ಕರೆಂಟ್ ಹೋಗುವುದು ಬರುವುದು ಇದ್ದದ್ದೇ. ಒಂದು ದಿನ ಕರೆಂಟ್ ಬಂತು, ಓಎನ್‌ಟಿಯ ಲೈಟ್‌ಗಳೆಲ್ಲ ಬಂದವು, ರೂಟರ್‌ನಲ್ಲಿ ಪವರ್ ಲೈಟ್ ಒಂದೇ. ಸಾಧಾರಣವಾಗಿ ಮೊದಲು ಪವರ್, ಆಮೇಲೆ ವೈಫೈನ ಎರಡು ಲೈಟ್, ಕೊನೆಗೆ ಭೂಗೋಳದ ಚಿತ್ರದ್ದು (ಇಂಟರ್ನೆಟ್ ಬಂತು ಅನ್ನುವ ಗುರುತು), ಎಲ್ಲ ಸೇರಿ ಒಂದೂವರೆ ನಿಮಿಷ. ಈಗ ಪವರ್ ಲೈಟ್ ಬರುತ್ತದೆ, ಇಪ್ಪತ್ತು ಸೆಕೆಂಡ್ ಕಣ್ಣು ಮಿಟುಕಿಸುತ್ತದೆ, ಎಲ್ಲ ಲೈಟ್ ಒಂದು ಸಲ ಫಳಕ್ ಅನ್ನುತ್ತದೆ, ಮತ್ತೆ ಮೊದಲಿನಿಂದ ಶುರು. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಅದೇ ಕಥೆ. ಐದನೇ ಸಲಕ್ಕೆ ಎದ್ದಿತು. ಎದ್ದ ಮೇಲೆ ಮುಂದಿನ ಕರೆಂಟ್ ಕಟ್‌ವರೆಗೆ ಏನೂ ತೊಂದರೆ ಇಲ್ಲ. ಅದಕ್ಕೇ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ವಾರಂಟಿ ಮೂರು ವರ್ಷ. ಮುಗಿದು ಸರಿಯಾಗಿ ಒಂದು ತಿಂಗಳಾಗಿತ್ತು ಅಲ್ವಾ, ಅದಕ್ಕೇ ಕೆಟ್ಟಿತು ಅಂತ ಮನೆಯಲ್ಲಿ ತಮಾಷೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ರೀಸೆಟ್ ಮಾಡಿ ಅಂದರು. ಸೇಫ್ಟಿ ಪಿನ್ ತಗೊಂಡು ಹಿಂದಿನ ತೂತಿಗೆ ಚುಚ್ಚಿ ಹತ್ತು ಸೆಕೆಂಡ್ ಹಿಡಿದೆ. ಎದ್ದಿತು! ಆದರೆ ಖಾಲಿ ತಲೆಯಲ್ಲಿ ಎದ್ದಿತು. ವೈಫೈ ಹೆಸರಿಲ್ಲ, ಪಾಸ್‌ವರ್ಡ್ ಇಲ್ಲ, ಕೇಬಲ್‌ನವರ ಇಂಟರ್ನೆಟ್‌ಗೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್ ಇಲ್ಲ. ಮೂರು ವರ್ಷದ ಹಿಂದೆ ಕೇಬಲ್ ಹುಡುಗ ಅದನ್ನು ಹಾಕಿ ಹೋಗಿದ್ದ, ನಾನು ಬರೆದಿಟ್ಟುಕೊಂಡಿರಲಿಲ್ಲ. ಶನಿವಾರ ಸಂಜೆ ಬೇರೆ. ಸೋಮವಾರದವರೆಗೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಕಾಲ ಹಾಕಿದೆವು. ಅಷ್ಟೆಲ್ಲ ಆಗಿ ಮಂಗಳವಾರ ಕರೆಂಟ್ ಹೋಯಿತು, ಬಂತು, ರೂಟರ್ ಮತ್ತೆ ಮಿಟಿಮಿಟಿ. ರೀಸೆಟ್‌ನಿಂದ ಎದ್ದದ್ದಲ್ಲ, ಐದಾರು ಸಲಕ್ಕೆ ಹೇಗೂ ಏಳುತ್ತಿತ್ತಲ್ಲ, ಹಾಗೆ ಎದ್ದದ್ದು.

ಬೆಂಗಳೂರಿನಲ್ಲಿರುವ ಅಳಿಯ ಫರ್ಮ್‌ವೇರ್, ಅಂದರೆ ರೂಟರ್ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿ ಮಾವ ಅಂದ. ಪುಣ್ಯಕ್ಕೆ ಸೋಮಾರಿತನದಿಂದ ಮಾಡಲಿಲ್ಲ. ಹೊಸ ಫರ್ಮ್‌ವೇರ್ ಬರೆಯುತ್ತಿರುವಾಗ ಅರ್ಧದಲ್ಲಿ ಪವರ್ ಕೈಕೊಟ್ಟರೆ ರೂಟರ್ ನಿಜವಾಗಿಯೂ ಇಟ್ಟಿಗೆ ಆಗುತ್ತದೆ. ಪವರ್‌ನಲ್ಲೇ ತೊಂದರೆ ಇದೆ ಅಂತ ನಮಗಿಬ್ಬರಿಗೂ ಆಗ ಗೊತ್ತಿರಲಿಲ್ಲ.

ಲಾಗ್, ಅಂದರೆ ರೂಟರ್ ತಾನೇ ಬರೆದಿಡುವ ದಿನಚರಿ, ತೆಗೆದು ನೋಡಿದೆ. ಮೊದಲ ಸಾಲುಗಳಿಗೆಲ್ಲ 1970ರ ಜನವರಿ 1 ಅಂತ ತಾರೀಕು. ಗಾಬರಿಯಾಯಿತು. ಅದೇನೂ ಕೆಟ್ಟದ್ದಲ್ಲವಂತೆ. ಒಳಗೆ ಗಡಿಯಾರದ ಸೆಲ್ ಇಲ್ಲ, ಎದ್ದ ಕೂಡಲೇ ಅದಕ್ಕೆ ಇವತ್ತು ಯಾವ ದಿನ ಗೊತ್ತಿರುವುದಿಲ್ಲ, ಇಂಟರ್ನೆಟ್ ಸಿಕ್ಕ ಮೇಲೆ ಕೇಳಿ ತಿಳಿದುಕೊಳ್ಳುತ್ತದೆ. ಮತ್ತೆ ಮತ್ತೆ ಬಿದ್ದು ಎದ್ದದ್ದರ ಗುರುತು ಲಾಗ್‌ನಲ್ಲಿ ಒಂದೂ ಇರಲಿಲ್ಲ. ಪ್ರತಿ ಸಲ ಎದ್ದಾಗಲೂ ಹಳೆಯದು ಅಳಿಸಿ ಹೋಗುತ್ತದೆ.

ಕೊನೆಗೆ ಕೇಬಲ್ ಹುಡುಗ ಬಂದ. ತನ್ನ ಚೀಲದಿಂದ ಒಂದು ರೂಟರ್ ತೆಗೆದ, ಅದರದೇ ಅಡಾಪ್ಟರ್ ಸಿಕ್ಕಿಸಿದ, ಒಂದೇ ಏಟಿಗೆ ಬಂತು. "ಲೈನ್ ಸರಿ ಇದೆ ಸಾರ್. ನಿಮ್ಮ ರೂಟರ್ ಹೋಯ್ತು" ಅಂದ. ನಾನೂ ನಂಬಿದೆ. ಈಗ ಯೋಚಿಸಿದರೆ ಎಡವಟ್ಟಾದದ್ದು ಇಲ್ಲೇ. ಎಲ್ಲರೂ ರೂಟರ್ ಮತ್ತು ಅಡಾಪ್ಟರ್ ಎರಡನ್ನೂ ಒಟ್ಟಿಗೆ ಬದಲಾಯಿಸಿ ನೋಡುತ್ತಾರೆ. ಕಳ್ಳ ಅಡಾಪ್ಟರ್, ಪೆಟ್ಟು ತಿನ್ನುವುದು ರೂಟರ್.

ಅಮ್ಮ ಮಾತ್ರ ಒಂದು ಮಾತು ಹೇಳುತ್ತಲೇ ಇದ್ದಳು. "ಅದು ಬೆಳಿಗ್ಗೆ ಚಳಿಗೆ ಏಳೂದಿಲ್ಲ ಮಾರಾಯ. ಸುಮ್ನೆ ಹಾಗೇ ಬಿಡು, ಬೆಚ್ಚಗಾದ ಮೇಲೆ ತಾನೇ ಏಳ್ತದೆ." ನಾವೆಲ್ಲ ನಕ್ಕೆವು. ರೂಟರ್ ಏನು ದನದ ಕರುವಾ ಅಂದೆ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಬೆಳಿಗ್ಗೆ ಆರಕ್ಕೆ ಕರೆಂಟ್ ಬಂದರೆ ಎಂಟು ಹತ್ತು ಸಲ ಒದ್ದಾಡುತ್ತಿತ್ತು. ಪ್ಲಗ್‌ನಲ್ಲೇ ಅರ್ಧ ಗಂಟೆ ಬಿಟ್ಟರೆ ಎದ್ದು ಕೂತಿರುತ್ತಿತ್ತು.

ಆಗಸ್ಟ್ 20, ಜಿಎಸ್‌ಟಿ 3ಬಿ ಕೊನೇ ದಿನ. ಎಂಟು ಜನರ ರಿಟರ್ನ್ ಬಾಕಿ, ರೂಟರ್ ಏಳುತ್ತಿಲ್ಲ, ಮೊಬೈಲ್ ಸಿಗ್ನಲ್ ಒಂದು ಕಡ್ಡಿ. ಅವತ್ತು ತೀರ್ಮಾನ ಮಾಡಿದೆ, ಹೊಸದು ತಗೊಳ್ಳುವುದೇ ಸರಿ. ಎರಡೂವರೆ ಸಾವಿರದ್ದು ಒಂದನ್ನು ನೋಡಿಯೂ ಇಟ್ಟೆ. ಸೆಪ್ಟೆಂಬರ್ ಮೊದಲ ವಾರ ಪೇಟೆಗೆ ಹೋದಾಗ, ಬೇರೆ ಕೆಲಸಕ್ಕೆ ಅಂತ, ಹಳೇ ಟೀವಿ ರಿಪೇರಿ ಅಂಗಡಿಗೆ ಹೋಗಿದ್ದೆ. ಮಾತಿಗೆ ಮಾತು ಬಂದು ಇದನ್ನೂ ಹೇಳಿದೆ. "ಅಡಾಪ್ಟರ್ ತನ್ನಿ ನೋಡುವ" ಅಂದರು. ಮಾರನೇ ದಿನ ಒಯ್ದೆ.

ಅದರ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಇದೆ. ಮೀಟರ್ ಹಿಡಿದರು, 12.1 ತೋರಿಸಿತು. ಸರಿ ಇದೆಯಲ್ಲ ಅಂದೆ. ಅವರು ಮಾತಾಡಲಿಲ್ಲ. ಡ್ರಾಯರ್‌ನಿಂದ ಕಾರಿನ 10 ವಾಟ್‌ನ ಒಂದು ಸಣ್ಣ ಬಲ್ಬ್ ತೆಗೆದು ಎರಡು ವೈರ್‌ನಲ್ಲಿ ಅಡಾಪ್ಟರ್‌ಗೆ ಸಿಕ್ಕಿಸಿದರು. ಬಲ್ಬ್ ಕೆಂಪಗೆ ಉರಿದು ನಡುಗತೊಡಗಿತು. ಮೀಟರ್ ನೋಡಿದರೆ 8.4, 7.9, 9, ಮತ್ತೆ 8. ಒಂದು ಕಡೆ ನಿಲ್ಲುವುದೇ ಇಲ್ಲ. ಆಮೇಲೆ ಇನ್ನೊಂದು ಅಡಾಪ್ಟರ್‌ಗೆ ಅದೇ ಬಲ್ಬ್ ಹಾಕಿದರು. ಬೆಳ್ಳಗೆ ಉರಿಯಿತು, 11.9ರಲ್ಲಿ ನಿಂತಿತು.

"ಗಾಡಿ ಬ್ಯಾಟರಿ ವೀಕ್ ಆದಾಗ ಹೆಡ್‌ಲೈಟ್ ಉರೀತದೆ. ಸೆಲ್ಫ್ ಹೊಡೆದ್ರೆ ಟಕ್ ಟಕ್ ಅಂತದೆ. ಇದೂ ಅದೇ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ. ಪವರ್ ಲೈಟ್‌ಗೆ ಬೇಕಾಗುವುದು ಚಿಟಿಕೆಯಷ್ಟು ಕರೆಂಟ್, ಅದು ಹೇಗೂ ಉರಿಯುತ್ತದೆ. ವೈಫೈ ಶುರುವಾಗುವ ಹೊತ್ತಿಗೆ ರೂಟರ್ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಅಡಾಪ್ಟರ್ ಕುಸಿಯುತ್ತದೆ, ಒಳಗಿನ ಪ್ರೊಸೆಸರ್ ಬಿದ್ದು ಮತ್ತೆ ಮೊದಲಿನಿಂದ ಏಳುತ್ತದೆ. ಇಪ್ಪತ್ತು ಸೆಕೆಂಡಿಗೊಮ್ಮೆ ಫಳಕ್ ಅಂದದ್ದು ಅದೇ.

ಅಡಾಪ್ಟರ್ ಒಡೆದು ತೋರಿಸಿದರು. ಒಳಗೆ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಕೆಪಾಸಿಟರ್ (ಕರೆಂಟ್ ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಭಾಗ), ತಲೆ ಚಪ್ಪಟೆ ಇರಬೇಕಾದ್ದು ಪೂರಿ ಹಾಗೆ ಉಬ್ಬಿತ್ತು. ಬುಡದಲ್ಲಿ ಕಂದು ಬಣ್ಣದ ಅಂಟು. ಅದರ ಒಳಗಿನ ದ್ರವ ಬಿಸಿಗೆ ವರ್ಷ ವರ್ಷ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ನಾನು ಅಡಾಪ್ಟರ್ ಇಟ್ಟಿದ್ದೆಲ್ಲಿ? ಟೀವಿ ಹಿಂದೆ, ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲಿ, ಇನ್ನೆರಡು ಅಡಾಪ್ಟರ್‌ಗಳ ನಡುವೆ, ಮೇಲೊಂದು ಕಸೂತಿ ಬಟ್ಟೆ. ಹೀಗೆ ಸೊರಗಿದ ಕೆಪಾಸಿಟರ್ ತಣ್ಣಗಿದ್ದಾಗ ಇನ್ನೂ ದುರ್ಬಲ, ಬೆಚ್ಚಗಾದರೆ ಸ್ವಲ್ಪ ಚೇತರಿಸುತ್ತದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ನಾ ಆವಾಗ್ಲೇ ಹೇಳಿದ್ದೆ" ಅಂದಳು, ಅಡಿಕೆ ಹೋಳು ಮಾಡುತ್ತಾ.

ಕೆಪಾಸಿಟರ್ ಬದಲಾಯಿಸಿದರೆ ಸಾಕಲ್ಲ ಅಂದೆ. ಹೊಸದೇ ತಗೊಳ್ಳಿ ಅಂದರು, 250 ರೂಪಾಯಿ. ನೀವೇ ಬಿಚ್ಚಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ.

ಅವರು ಕೊಟ್ಟದ್ದು 12 ವೋಲ್ಟ್, 2 ಆಂಪಿಯರ್. ಜಾಸ್ತಿ ಕೊಟ್ಟು ರೂಟರ್ ಸುಟ್ಟೀತಾ ಅಂತ ನನಗೆ ಹೆದರಿಕೆ. ಆಂಪಿಯರ್ ಅನ್ನುವುದು ಅಡಾಪ್ಟರ್‌ನ ತಾಕತ್ತು ಅಷ್ಟೇ, ರೂಟರ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ, ಹಾಗಾಗಿ ಅದು ಜಾಸ್ತಿ ಇದ್ದರೆ ತೊಂದರೆ ಇಲ್ಲ. ವೋಲ್ಟ್ ಮಾತ್ರ ಅಷ್ಟಕ್ಕಷ್ಟೇ ಇರಬೇಕು. ಜೊತೆಗೆ ಪಿನ್ನಿನ ಚಿತ್ರದಲ್ಲಿ ನಡುವಿನ ಚುಕ್ಕಿಗೆ ಪ್ಲಸ್ ಇದೆಯಾ ಮೈನಸ್ ಇದೆಯಾ ನೋಡಿಕೊಳ್ಳಿ. ಕೆಲವು ರೂಟರ್ 9 ವೋಲ್ಟಿನವು, ಕೆಲವು 5 ವೋಲ್ಟಿನವೂ ಇವೆ, ಪಿನ್ ಮಾತ್ರ ಒಂದೇ ತರ. ಸಿಕ್ಕಿದ್ದನ್ನು ಸಿಕ್ಕಿಸಿದರೆ ಆಗ ನಿಜಕ್ಕೂ ರೂಟರ್ ಹೋಗುತ್ತದೆ. ಬಹಳ ಮನೆಯಲ್ಲಿ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ 12 ವೋಲ್ಟಿನದೇ ಇರುತ್ತದೆ. ಮೇಲೆ ಬರೆದಿರುವುದು ಹೊಂದಿದರೆ ಐದು ನಿಮಿಷ ಅದನ್ನು ಎರವಲು ಪಡೆದು ನೋಡಿ. ನಾನು ಎರಡು ತಿಂಗಳು ಒದ್ದಾಡಿದ್ದು ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು, ಅದೂ ಪುಕ್ಕಟೆ.

ಹೊಸ ಅಡಾಪ್ಟರ್ ಹಾಕಿ ಈಗ ವರ್ಷದ ಮೇಲಾಯಿತು, ಒಂದು ಮಳೆಗಾಲ ಪೂರ್ತಿ ಕಳೆಯಿತು. ಒಂದು ದಿನವೂ ಏಳದೆ ಇದ್ದದ್ದಿಲ್ಲ. ಮೊದಲು ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವಾಗ ರೂಟರ್ ಪ್ರತಿ ಸಲ ರೀಸ್ಟಾರ್ಟ್ ಆಗುತ್ತಿತ್ತು, ಈಗ ಅದೂ ನಿಂತಿದೆ. ಇನ್ವರ್ಟರ್ ಹಿಂದಿನ ಸಣ್ಣ ಸ್ವಿಚ್ಚನ್ನು ಬೇಗ ಬದಲಾಗುವ ಯುಪಿಎಸ್ ಕಡೆಗೆ ಸರಿಸಿದ್ದೂ ಸೇರಿರಬಹುದು, ಎರಡೂ ಒಂದೇ ವಾರ ಮಾಡಿದ್ದು.

ಎದ್ದ ಮೇಲೂ ಕೆಲವೊಮ್ಮೆ ಭೂಗೋಳದ ಲೈಟ್ ಕಿತ್ತಳೆಯಾಗಿ ನಿಲ್ಲುತ್ತದೆ. ಅದು ಬೇರೆ ವಿಷಯ. ಕರೆಂಟ್ ದಿಢೀರ್ ಅಂತ ಹೋದಾಗ ರೂಟರ್ ಲಾಗೌಟ್ ಹೇಳಿ ಹೋಗುವುದಿಲ್ಲವಲ್ಲ, ಕೇಬಲ್‌ನವರ ಕಡೆ ಹಳೇ ಕನೆಕ್ಷನ್ ಇನ್ನೂ ತೆರೆದೇ ಇರುತ್ತದೆ, ಹೊಸದಕ್ಕೆ ಬಾಗಿಲು ತೆಗೆಯುವುದಿಲ್ಲ. ನಾಲ್ಕೈದು ನಿಮಿಷ ಕಾದರೆ ಬರುತ್ತದೆ. ಆ ಹೊತ್ತಿನಲ್ಲಿ ಪದೇ ಪದೇ ಆಫ್ ಆನ್ ಮಾಡಿದರೆ ಕಾಯುವುದು ಇನ್ನೂ ಉದ್ದವಾಗುತ್ತದೆ ಅಷ್ಟೇ.

ಇನ್ನೊಂದು, 5 ಗಿಗಾಹರ್ಟ್ಸ್ ಹೆಸರು ತಡವಾಗಿ ಕಾಣುತ್ತದೆ ಅಂತ ಗಾಬರಿ ಬೇಡ. ಅದರ ಚಾನೆಲ್ (ಆ ತರಂಗದೊಳಗಿನ ದಾರಿಯ ನಂಬರ್) 52ರಿಂದ 144ರವರೆಗಿನದ್ದಕ್ಕೆ ಹಾಕಿದ್ದರೆ, ಸುತ್ತಮುತ್ತ ರೇಡಾರ್ ಇದೆಯಾ ಅಂತ ಕನಿಷ್ಠ ಒಂದು ನಿಮಿಷ ಕಿವಿಗೊಟ್ಟು ಆಮೇಲೆ ಶುರುಮಾಡಬೇಕು, ಅದು ನಿಯಮ. ನಾನು 36ಕ್ಕೆ ಬದಲಾಯಿಸಿದೆ, ಬೇಗ ಬರುತ್ತದೆ.

ಗುಡುಗು ಸಿಡಿಲಿಗೆ ಮಾತ್ರ ಪ್ಲಗ್ ಕಿತ್ತೇ ಇಡುತ್ತೇವೆ. ಫೈಬರ್ ಗಾಜಿನ ಎಳೆ, ಹಳೇ ಟೆಲಿಫೋನ್ ತಂತಿಯ ಹಾಗೆ ಅದರೊಳಗೆ ಸಿಡಿಲು ಹರಿದು ಬರುವುದಿಲ್ಲ. ಕರೆಂಟ್ ಲೈನಿನಲ್ಲಿ ಬರುತ್ತದಲ್ಲ. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಈಗ ರೂಟರ್ ಅಡಿಗೆ ಚೀಟಿಯಲ್ಲಿ ಅಂಟಿಸಿದ್ದೇನೆ. ಕಸೂತಿ ಬಟ್ಟೆ ಮೇಜಿಗೆ ಹೋಯಿತು.

ಕಳೆದ ತಿಂಗಳು ಪಕ್ಕದ ಮನೆಯವರು ಫೋನ್ ಮಾಡಿದರು, "ನಮ್ಮ ರೂಟರೂ ಹೋಯ್ತು ಮಾರಾಯ್ರೆ, ಇಂಟರ್ನೆಟ್ಟೇ ಇಲ್ಲ." ನಾನು ದೊಡ್ಡ ಡಾಕ್ಟರ್ ಹಾಗೆ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್ ಕಿತ್ತುಕೊಂಡು ಹೋದೆ. ದಾರಿಯಲ್ಲೇ ಬಲ್ಬಿನ ಕಥೆ ಪೂರ್ತಿ ಹೇಳಿದೆ. ಒಳಗೆ ಹೋಗಿ ನೋಡಿದರೆ ಅವರ ರೂಟರ್ ಚೆನ್ನಾಗಿಯೇ ಎದ್ದು ಕೂತಿದೆ. ಓಎನ್‌ಟಿಯಲ್ಲಿ ಕೆಂಪು ಲೈಟ್. ಹಿತ್ತಲಿಗೆ ಹೋಗಿ ತಲೆ ಎತ್ತಿದೆ. ಹಲಸಿನ ಮರದಿಂದ ಫೈಬರ್ ತುಂಡಾಗಿ ನೇತಾಡುತ್ತಿತ್ತು, ಮೇಲಿನ ಕೊಂಬೆಯಲ್ಲಿ ಎರಡು ಮಂಗ.