ಕಡಕ್‌ನಾಥ್ ಎಂದರೆ ನಂಬಬೇಡಿ, ದುಡ್ಡು ಕೊಡುವ ಮುಂಚೆ ಕೊಕ್ಕು ತೆರೆದು ನಾಲಗೆ ನೋಡಿ

ಹಿತ್ತಲಲ್ಲಿ ಮೊದಲ ಸಲ ಕೋಳಿ ಸಾಕಬೇಕು ಎಂದುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ತಿಂಗಳ ಮರಿ ಒಂದಕ್ಕೆ 250 ರೂಪಾಯಿಯಂತೆ 20 ಕಡಕ್‌ನಾಥ್ ಮರಿ ತಂದೆ. ಚರ್ಮ, ನಾಲಗೆ, ಕಾಲು ಎಲ್ಲವೂ ಕಪ್ಪಾಗಿರುವ ಕರಿಕೋಳಿ ತಳಿ ಅದು. ಐದು ಸಾವಿರ ರೂಪಾಯಿ. ಅದರಲ್ಲಿ ಒಂದೂ ಕಡಕ್‌ನಾಥ್ ಅಲ್ಲ. ಒಂದೇ ಒಂದೂ ಅಲ್ಲ.

ನಮಗೆ ಬೇಕಾಗಿದ್ದುದು ಮನೆಮಂದಿಗೆ ಮೊಟ್ಟೆ, ಅಷ್ಟೇ. ಪಕ್ಕದ ಮನೆಯ ಅಜ್ಜಿ, "ನಾಲ್ಕು ನಾಟಿ ಹೇಂಟೆ ತಂದುಕೋ, ಕಾವಿಗೆ ಕೂರುತ್ತವೆ, ಮರಿಯನ್ನೂ ಅವೇ ನೋಡಿಕೊಳ್ಳುತ್ತವೆ" ಎಂದಿದ್ದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲಲ್ಲಿ ಸಾಕಲೆಂದೇ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯ ಮರಿ ಬುಕ್ ಮಾಡೋಣ ಎಂದು ನನ್ನ ಯಜಮಾನರು ಹೇಳಿದರು. ಹಟ ಹಿಡಿದವಳು ನಾನು. ಮೊಬೈಲಿನಲ್ಲಿ ಕರಿಕೋಳಿಯ ವಿಡಿಯೋ ನೋಡಿ ನೋಡಿ ತಲೆಯಲ್ಲಿ ಅದೇ ಕೂತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ.

ಮಾರಿದವನ ಮಾತು ಹೇಗಿತ್ತು ಗೊತ್ತೇ? "ಮಧ್ಯಪ್ರದೇಶದ ಝಾಬುವಾದಿಂದ ತರಿಸಿದ ಮರಿ ಮೇಡಂ. 2018ರಲ್ಲಿ ಜಿಐ ಟ್ಯಾಗ್, ಅಂದರೆ ಆ ಪ್ರದೇಶದ್ದೇ ಎಂಬ ಸರ್ಕಾರದ ಮಾನ್ಯತೆ, ಸಿಕ್ಕ ತಳಿ. ಧೋನಿಯೇ ತಮ್ಮ ತೋಟಕ್ಕೆ ಇದನ್ನು ತರಿಸಿಕೊಂಡಿದ್ದಾರೆ." ಮನೆಗೆ ಬಂದು ಹುಡುಕಿ ನೋಡಿದೆ, ಜಿಐ ಟ್ಯಾಗ್ ನಿಜ, ಧೋನಿಯ ಸುದ್ದಿಯೂ ನಿಜ. ಅಲ್ಲೇ ನಾನು ಬಿದ್ದೆ. ತಳಿಯ ಬಗ್ಗೆ ಹೇಳಿದ್ದು ನಿಜವಾದರೆ ಮರಿಯೂ ನಿಜವಿರಬೇಕು ಎಂದುಕೊಂಡೆ. "ಕಪ್ಪು ಮೊಟ್ಟೆ ಇಡುತ್ತವೆ, ಒಂದಕ್ಕೆ 50 ರೂಪಾಯಿ ಕೊಟ್ಟು ನಾವೇ ಕೊಳ್ಳುತ್ತೇವೆ" ಎಂದೂ ಹೇಳಿದ. ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುವುದೇ ಇಲ್ಲ, ಅದರ ಮೊಟ್ಟೆ ತಿಳಿ ಕಂದು ಬಣ್ಣದ್ದು. ಆ ಒಂದು ಮಾತಿಗೇ ನಾನು ಎದ್ದು ಬರಬೇಕಿತ್ತು. ಇದೇ ಕಡಕ್‌ನಾಥ್ ಮರುಖರೀದಿಯ ಆಸೆಗೆ ಬಿದ್ದು ಸಾಂಗ್ಲಿ, ಕೊಲ್ಲಾಪುರದ ಕಡೆಯ ರೈತರು ಹಣ ಕಳೆದುಕೊಂಡ ಸುದ್ದಿ 2019ರಲ್ಲೇ ಪತ್ರಿಕೆಗಳಲ್ಲಿ ಬಂದಿತ್ತು. ಅದನ್ನು ನೆನಪಿಸಿಕೊಂಡಿದ್ದರೂ ಸಾಕಿತ್ತು.

ಎರಡು ತಿಂಗಳು ತುಂಬುವ ಹೊತ್ತಿಗೆ ಒಂದು ಸಂಜೆ ಅಜ್ಜಿ ಬೇಲಿಯ ಆಚೆಯಿಂದಲೇ ಕೇಳಿದರು, "ಏನಮ್ಮ, ನಿನ್ನ ಕರಿಕೋಳಿಯ ಜುಟ್ಟು ಕೆಂಪಾಗುತ್ತಿದೆಯಲ್ಲ?" ನನಗೆ ಎದೆ ಧಸಕ್ಕೆಂದಿತು. ಒಂದು ಹುಂಜವನ್ನು ಹಿಡಿದು ಮಡಿಲಲ್ಲಿ ಒತ್ತಿಕೊಂಡು ಎದೆಯ ಪುಕ್ಕ ಬಿಡಿಸಿದೆ. ಒಳಗೆ ಚರ್ಮ ಬೆಳ್ಳಗಿತ್ತು. ಕೊಕ್ಕನ್ನು ಎರಡು ಬೆರಳಿನಿಂದ ತೆರೆದೆ. ನಾಲಗೆ ಗುಲಾಬಿ, ಮಗುವಿನ ನಾಲಗೆಯ ಹಾಗೆ. ಎರಡನೆಯದನ್ನು ಹಿಡಿದೆ, ಮೂರನೆಯದನ್ನು ಹಿಡಿದೆ, ಎಲ್ಲವೂ ಗುಲಾಬಿ. ಕತ್ತಲಾಗುವವರೆಗೂ ಅಲ್ಲೇ ಕುಳಿತಿದ್ದೆ.

ಫೋಟೋ ಕಳುಹಿಸಿದೆ. ಅವನ ಉತ್ತರಗಳನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲು, "ಬಿಸಿಲಿಗೆ ಜುಟ್ಟು ಕೆಂಪಾಗುತ್ತದೆ ಮೇಡಂ." ನಾಲಗೆಗೂ ಬಿಸಿಲು ಬಿತ್ತೇ ಎಂದು ಕೇಳಿದೆ. "ಮೊಟ್ಟೆಗೆ ಬಂದ ಮೇಲೆ ಕಪ್ಪಾಗುತ್ತದೆ." ಆಮೇಲೆ, "ನೀವು ಯಾವ ಮೇವು ಹಾಕಿದಿರಿ? ಮೇವು ಸರಿ ಇಲ್ಲದಿದ್ದರೆ ಬಣ್ಣ ಹೋಗುತ್ತದೆ." ಕೊನೆಗೆ, "ನೀವೇ ನೋಡಿ ಆರಿಸಿಕೊಂಡು ಹೋದಿರಲ್ಲ?" ಹೌದು, ನಾನೇ ಆರಿಸಿಕೊಂಡೆ! ಕಪ್ಪಾಗಿದ್ದವನ್ನೇ ಆರಿಸಿಕೊಂಡೆ! ಅಲ್ಲಿಂದ ಮುಂದೆ ನನ್ನ ನಂಬರ್ ಬ್ಲಾಕ್.

ಪಶು ಆಸ್ಪತ್ರೆಯ ವೈದ್ಯರು ನೋಡಿದ ತಕ್ಷಣ ಮಿಶ್ರ ತಳಿ ಎಂದರು. ನಿಜವಾದ ಕಡಕ್‌ನಾಥ್‌ನ ಜುಟ್ಟಿನಲ್ಲಿ ಅಲ್ಪಸ್ವಲ್ಪ ನಸುಗೆಂಪು ಕಾಣಬಹುದಂತೆ, ಆದರೆ ನಾಲಗೆ, ಚರ್ಮ, ಕಾಲು ಕಪ್ಪಾಗಿಯೇ ಇರಬೇಕು. "ಎಲ್ಲ ಲಸಿಕೆ ಆಗಿದೆ" ಎಂದಿದ್ದನಲ್ಲ, ಅದೂ ಸುಳ್ಳು. ಕೋಳಿಗಳಿಗೆ ಬರುವ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲೊಮ್ಮೆ, ನಾಲ್ಕನೆಯ ವಾರದಲ್ಲೊಮ್ಮೆ ಹಾಕಬೇಕಾದ ಹನಿ ಹಾಕಿಯೇ ಇರಲಿಲ್ಲ ಎಂದು ಕಾಣುತ್ತದೆ. ಹಸಿರು ಹಿಕ್ಕೆ ಹಾಕುತ್ತಾ, ಕತ್ತು ತಿರುಚಿಕೊಂಡು ಆರು ಮರಿಗಳು ಸತ್ತವು. ಮಕ್ಕಳು ಅವುಗಳಿಗೆ ಹೆಸರಿಟ್ಟಿದ್ದರು.

ಮೊದಲ ಸಲ ಸಾಕುವವರು ಕಡಕ್‌ನಾಥ್ ಗೊಡವೆಗೇ ಹೋಗಬೇಡಿ. ಅಪ್ಪಟ ಕಡಕ್‌ನಾಥ್ ಸಿಕ್ಕರೂ ಮೊಟ್ಟೆ ಕಡಿಮೆ, ಕಾವಿಗೆ ಕೂರುವುದೂ ಅಪರೂಪ. ಮೊಟ್ಟೆ ಬೇಕೆಂದರೆ ಗಿರಿರಾಜ ಅಥವಾ ಸ್ವರ್ಣಧಾರಾ ತನ್ನಿ, ತಡವಾದರೂ ಪರವಾಗಿಲ್ಲ, ಸರ್ಕಾರಿ ಕೇಂದ್ರದಿಂದಲೇ ತನ್ನಿ. ಅವು ಕಾವಿಗೆ ಕೂರುವುದಿಲ್ಲ ಎಂಬುದು ಗೊತ್ತಿರಲಿ. ಮರಿಯೂ ಮನೆಯಲ್ಲೇ ಆಗಬೇಕಾದರೆ ಊರಿನ ನಾಟಿ ಹೇಂಟೆಯೇ ಸರಿ. ರಸೀದಿ ಕೊಡದವನ ಹತ್ತಿರ, ಲಸಿಕೆಯ ದಿನಾಂಕ ಬರೆದುಕೊಡದವನ ಹತ್ತಿರ ಒಂದು ಪುಕ್ಕವನ್ನೂ ಕೊಳ್ಳಬೇಡಿ.

ಈಗ ಉಳಿದಿರುವುದು ಹದಿನಾಲ್ಕು. ಅದರಲ್ಲಿ ಒಂಬತ್ತು ಹುಂಜ. ಇವತ್ತು ಬೆಳಿಗ್ಗೆ ಯಜಮಾನರ ಮೊಬೈಲಿನಲ್ಲಿ ಅವನ ಸ್ಟೇಟಸ್ ನೋಡಿದೆ. ನನಗೆ ತೋರಿಸಿದ್ದ ಅದೇ ಫೋಟೋ, ಕೆಳಗೆ "ಅಸಲಿ ಕಡಕ್‌ನಾಥ್, ಇನ್ನು ಹತ್ತೇ ಜೋಡಿ ಉಳಿದಿವೆ" ಎಂದು ಬರೆದಿದ್ದ.