ಕಪ್ಲರಿನೊಳಗಿನ ಕಿಲುಬು: ಟೇಪು, ವ್ಯಾಸಲೀನ್, ಸಿಲಿಕೋನ್ ಗ್ರೀಸು, ಸ್ಪ್ರೇಗಳ ಒಂದು ಹೋಲಿಕೆ

2022ರ ಹಸ್ತಾ ಮಳೆಯ ಒಂದು ರಾತ್ರಿ ಹುಬ್ಬಳ್ಳಿಯ ಕಚೇರಿಯಿಂದ ಧಾರವಾಡದ ಮನೆಗೆ ಬರುತ್ತಿದ್ದಾಗ ನನ್ನ ಬೈಕಿನ ಹೆಡ್‌ಲೈಟ್ ನವನಗರದ ಹತ್ತಿರ ಮಂಕಾಯಿತು, ರಾಯಾಪುರದಲ್ಲಿ ಪೂರ್ತಿ ಆರಿತು, ನವಲೂರಿನ ಹತ್ತಿರ ಮುಂದಿನ ಗಾಲಿ ಒಂದು ಗುಂಡಿಗೆ ಇಳಿದೆದ್ದ ಕೂಡಲೇ ಮತ್ತೆ ಹತ್ತಿತು. ಅದಕ್ಕೂ ಮೊದಲು ಎರಡು ಸಲ ಬಲ್ಬು ಬದಲಿಸಿದ್ದೆನಾದ್ದರಿಂದ ದೋಷ ಬಲ್ಬಿನದಲ್ಲವೆಂಬುದು ಸ್ಪಷ್ಟವಾಗಿತ್ತು. ಮರುದಿನ ನಮ್ಮ ಓಣಿಯ ಗ್ಯಾರೇಜಿನ ಹಿರಿಯ ಮಿಸ್ತ್ರಿ ಹೆಡ್‌ಲೈಟಿನ ಬುರುಡೆ ಇಳಿಸಿ, ಅದರ ಹಿಂದೆ ತಂತಿಗಳನ್ನು ಕೂಡಿಸುವ ಪ್ಲಾಸ್ಟಿಕ್ ಕಪ್ಲರಿಗೆ ಸುತ್ತಿದ್ದ ಕರಿ ಟೇಪನ್ನು ಬಿಡಿಸತೊಡಗಿದರು. ಟೇಪಿನ ಮೂರನೆಯ ಸುತ್ತಿನಿಂದ ನೀರು ಹನಿಯಿತು. ಮಳೆ ನಿಂತು ಆರು ತಾಸು ಕಳೆದಿದ್ದರೂ ಹನಿಯಿತು. ಒಳಗೆ ಒಂದು ಪಿನ್ನಿನ ಸುತ್ತ ಮೈಲುತುತ್ತದ ಬಣ್ಣದ ಪುಡಿ ಕೂತಿತ್ತು, ಅದರ ಪಕ್ಕದ ಬಿಳಿ ಪ್ಲಾಸ್ಟಿಕ್ಕು ಕಂದಾಗಿ ಸೊಟ್ಟಗಾಗಿತ್ತು. ಆ ಟೇಪನ್ನು ಸುತ್ತಿದವನು ನಾನೇ. "ಟೇಪ್ ಸುತ್ತಿದ್ರ ನೀರು ಒಳಗ ಹೋಗೂದಿಲ್ಲ ಅಂತ ಯಾರು ಹೇಳ್ಯಾರ್ರಿ ಸರ? ಒಳಗ ಹೋದ ನೀರು ಹೊರಗ ಬರೂದಿಲ್ಲ, ಅಷ್ಟ" ಎಂದರು ಮಿಸ್ತ್ರಿ.

ಆ ಮಾತು ನಿಜವೋ ಅಲ್ಲವೋ ಎಂಬುದನ್ನು ಅಳತೆಯಿಂದಲೇ ನೋಡಬೇಕೆಂದು ಈ ಪರೀಕ್ಷೆಯನ್ನು ಆರಂಭಿಸಿದೆ. ಗಾಡಿ ಹಳೆಯ 150 ಸಿಸಿಯದು. ದಿನವೂ ಹುಬ್ಬಳ್ಳಿ–ಧಾರವಾಡದ ನಡುವೆ ಓಡುತ್ತದೆ, ವಾರಕ್ಕೊಮ್ಮೆ ನವಲಗುಂದದ ಕಡೆಯ ಹೊಲಕ್ಕೆ ಹೋಗಿ ಎರೆಮಣ್ಣು ಮೆತ್ತಿಕೊಂಡು ಬರುತ್ತದೆ. ಧಾರವಾಡದ ಜಿಟಿಜಿಟಿ ಮಳೆಗಿಂತ ಈ ಎರೆಮಣ್ಣೇ ವೈರಿಂಗಿನ ದೊಡ್ಡ ವೈರಿ, ಏಕೆಂದರೆ ಮಳೆಯ ನೀರು ಇಳಿದು ಹೋಗುತ್ತದೆ, ಎರೆಮಣ್ಣು ಮಾತ್ರ ತೇವವನ್ನು ದಿನಗಟ್ಟಲೆ ಹಿಡಿದುಕೊಂಡು ಕಪ್ಲರಿನ ಬಾಯಿಗೇ ಅಂಟಿಕೊಂಡಿರುತ್ತದೆ.

ಹೋಲಿಕೆಗೆ ಹೋಗುವ ಮೊದಲು ಕಿಲುಬು ಮಾಡುವ ಹಾನಿಯ ಲೆಕ್ಕವನ್ನು ಹೇಳಬೇಕು. 35 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಕಿಲುಬಿನಿಂದ ಒಂದು ಜೋಡಣೆಯಲ್ಲಿ ಬರಿಯ ಅರ್ಧ ಓಮ್ ರೋಧ (ಕರೆಂಟಿನ ಹರಿವಿಗೆ ಅಡ್ಡಿ) ಉಂಟಾದರೂ ಅಲ್ಲಿ ಹೆಚ್ಚುಕಡಿಮೆ ಒಂದೂವರೆ ವೋಲ್ಟ್ ನಷ್ಟವಾಗುತ್ತದೆ. ತಂತಿಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಬೆಳಕಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚೇ ಹೋಗುತ್ತದೆ. ನಷ್ಟವಾದ ಆ ನಾಲ್ಕೈದು ವ್ಯಾಟ್ ಎಲ್ಲಿಯೂ ಮಾಯವಾಗುವುದಿಲ್ಲ, ಬೆರಳಿನ ತುದಿಯಷ್ಟಿರುವ ಆ ಪಿನ್ನಿನಲ್ಲಿಯೇ ಕಾವಾಗಿ ನಿಲ್ಲುತ್ತದೆ. ಕಾವಿಗೆ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ರೋಧ ಹೆಚ್ಚುತ್ತದೆ, ಕೊನೆಗೆ ಪ್ಲಾಸ್ಟಿಕ್ಕು ಕರಗುತ್ತದೆ.

ಪರೀಕ್ಷೆಗೆ ನಾಲ್ಕು ಇಂಡಿಕೇಟರುಗಳು ಅನುಕೂಲವಾಗಿ ಒದಗಿದವು, ಏಕೆಂದರೆ ನಾಲ್ಕಕ್ಕೂ ಒಂದೇ ಬಗೆಯ ಹಿತ್ತಾಳೆಯ ಬುಲೆಟ್ ಪಿನ್ನುಗಳು (ಒಂದರೊಳಗೊಂದು ತೂರುವ ದುಂಡನೆಯ ಪಿನ್ನುಗಳು), ಒಂದೇ 10 ವ್ಯಾಟಿನ ಬಲ್ಬುಗಳು. 2023ರ ಮೇ ತಿಂಗಳಲ್ಲಿ ಎಲ್ಲ ಪಿನ್ನುಗಳನ್ನೂ ಒಂದೇ ದಿನ ಹೊಸದಾಗಿ ಹಾಕಿ, ಮುಂದಿನ ಎಡಕ್ಕೆ ವ್ಯಾಸಲೀನ್, ಮುಂದಿನ ಬಲಕ್ಕೆ ಸಿಲಿಕೋನ್ ಡೈಎಲೆಕ್ಟ್ರಿಕ್ (ವಿದ್ಯುತ್ತನ್ನು ಹರಿಯಗೊಡದ) ಗ್ರೀಸು, ಹಿಂದಿನ ಎಡಕ್ಕೆ ಸಾಮಾನ್ಯ ಪಿವಿಸಿ ಟೇಪು ಎಂದು ಹಂಚಿ, ಹಿಂದಿನ ಬಲವನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಬರಿದಾಗಿ ಬಿಟ್ಟೆ. ಅಳೆಯುವಾಗ ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಶರನ್ನು ತೆಗೆದು ಅದರ ಎರಡು ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದರೆ ಇಂಡಿಕೇಟರು ಮಿನುಗದೆ ಒಂದೇ ಸಮ ಉರಿಯುತ್ತದೆ. ಆಗ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಜೋಡಣೆಯ ಆಚೆ ಈಚೆ ತಾಗಿಸಿ ಎಷ್ಟು ಮಿಲಿವೋಲ್ಟ್ ಅಲ್ಲಿ ನಷ್ಟವಾಗುತ್ತಿದೆ ಎಂಬುದನ್ನು ಓದಬಹುದು. ಕರೆಂಟು ಹರಿಯದಿರುವಾಗ ಓಮ್ ಅಳೆದು ನೋಡುವುದರಿಂದ ಏನೂ ತಿಳಿಯುವುದಿಲ್ಲ, ಅಷ್ಟು ಸಣ್ಣ ರೋಧ ಸಾಮಾನ್ಯ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲ ವರ್ಷದ ಫಲಿತಾಂಶವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. 2023 ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷ. ಬೆಳೆಗೇ ಸಾಲದ ಮಳೆ ಪಿನ್ನಿಗೆ ಕಿಲುಬು ಹಿಡಿಸಲಿಲ್ಲ. 2024ರ ಮಳೆಗಾಲ ಮುಗಿದ ಮೇಲೆ ಅಳೆದಾಗಲೇ ವ್ಯತ್ಯಾಸ ಕಂಡಿತು. ಸಿಲಿಕೋನ್ ಗ್ರೀಸಿನ ಜೋಡಣೆ 10 ಮಿಲಿವೋಲ್ಟಿನ ಒಳಗಿತ್ತು, ವ್ಯಾಸಲೀನಿನದು ಅದರ ಹತ್ತಿರದಲ್ಲೇ ಇತ್ತು, ಬರಿದಾಗಿ ಬಿಟ್ಟದ್ದು 40ರ ಆಸುಪಾಸಿನಲ್ಲಿತ್ತು, ಟೇಪು ಸುತ್ತಿದ್ದು 180 ತೋರಿಸಿತು. ಅಂದರೆ ಟೇಪು ಸುತ್ತಿದ ಪಿನ್ನು, ಏನನ್ನೂ ಮಾಡದೆ ಬಿಟ್ಟ ಪಿನ್ನಿಗಿಂತಲೂ ಕೆಟ್ಟಿತ್ತು. ಹಿಂದಿನ ಗಾಲಿ ಕೆಸರು ಎರಚುವುದರಿಂದ ಹಿಂದಿನವುಗಳಿಗೆ ಅನ್ಯಾಯವಾಗಿರಬಹುದೆಂದು 2025ರಲ್ಲಿ ಪಿನ್ನುಗಳನ್ನು ಮತ್ತೆ ಹೊಸದಾಗಿ ಹಾಕಿ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಮಾಡಿದೆ. ಅಂಕಿಗಳು ಕೊಂಚ ಹತ್ತಿರ ಬಂದವು, ಕ್ರಮ ಮಾತ್ರ ಬದಲಾಗಲಿಲ್ಲ.

ಕಾರಣ ಮಿಸ್ತ್ರಿ ಹೇಳಿದ್ದೇ ಆಗಿದೆ. ಪಿವಿಸಿ ಟೇಪು ಕರೆಂಟು ಹೊರಗೆ ತಾಗದಂತೆ ತಡೆಯಲು ಇರುವ ವಸ್ತುವೇ ಹೊರತು ನೀರನ್ನು ತಡೆಯಲು ಇರುವುದಲ್ಲ. ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಅದರ ಅಂಟು ಪಾಕದಂತಾಗಿ ಸುತ್ತುಗಳು ಒಂದರ ಮೇಲಿಂದ ಒಂದು ಜಾರುತ್ತವೆ, ತುದಿ ಬಾಯಿ ಬಿಡುತ್ತದೆ, ಜೂನಿನಲ್ಲಿ ಆ ಬಾಯಿಯಿಂದ ನೀರು ಒಳಗೆ ಇಳಿಯುತ್ತದೆ. ಬರಿದಾದ ಪಿನ್ನು ಗಾಡಿ ಓಡುವಾಗ ಗಾಳಿಗೆ ಒಣಗುತ್ತದೆ, ಟೇಪಿನೊಳಗಿನದು ಒಣಗುವುದಿಲ್ಲ. ಇಷ್ಟಾದ ಮೇಲೆ ಅದನ್ನು ಬಿಚ್ಚುವವನ ಬೆರಳಿಗೆ, ತಂತಿಗೆ, ಪಕ್ಕಡಿಗೆ ಎಲ್ಲಕ್ಕೂ ಆ ಕರಿ ಅಂಟು ಮೆತ್ತಿಕೊಳ್ಳುವುದು ಬೇರೆ.

ವ್ಯಾಸಲೀನ್ ಮತ್ತು ಸಿಲಿಕೋನ್ ಗ್ರೀಸು ಕೆಲಸ ಮಾಡುವ ಬಗೆಯೇ ಇದಕ್ಕೆ ವಿರುದ್ಧವಾದುದು. ಅವು ಜೋಡಣೆಯನ್ನು ಹೊರಗಿನಿಂದ ಮುಚ್ಚುವುದಿಲ್ಲ, ಒಳಗಿನ ಖಾಲಿ ಜಾಗವನ್ನು ತುಂಬುತ್ತವೆ. ನೀರು ಬಂದರೂ ನಿಲ್ಲಲು ಅದಕ್ಕೆ ಎಡೆಯಿರುವುದಿಲ್ಲ. ಇಲ್ಲಿ ಅನೇಕರಿಗೆ ಒಂದು ಸಂಶಯ ಬರುತ್ತದೆ, ನನಗೂ ಬಂದಿತ್ತು: ಈ ಗ್ರೀಸು ವಿದ್ಯುತ್ತನ್ನು ಹರಿಯಗೊಡದ ವಸ್ತುವಾದರೆ, ಅದನ್ನು ಪಿನ್ನಿಗೆ ಸವರಿದರೆ ಕರೆಂಟು ಹರಿಯುವುದಾದರೂ ಹೇಗೆ? ಗಂಡುಪಿನ್ನು ಹೆಣ್ಣುಪಿನ್ನಿನೊಳಗೆ ಬಿಗಿಯಾಗಿ ಇಳಿಯುವಾಗ ಲೋಹ ಲೋಹಕ್ಕೆ ಒತ್ತಿದ ಕಡೆಯಲ್ಲೆಲ್ಲ ಗ್ರೀಸು ಪಕ್ಕಕ್ಕೆ ಸರಿಯುತ್ತದೆ, ಒತ್ತದ ಕಡೆಯಲ್ಲಿ ಉಳಿಯುತ್ತದೆ. ಹತ್ತು ಮಿಲಿವೋಲ್ಟಿನ ಆ ಅಂಕಿ ಇದಕ್ಕೆ ಸಾಕಷ್ಟು ಉತ್ತರವಾಗಿದೆ. ಹಿಡಿತವೇ ಸಡಿಲವಾದ ಹಳೆಯ ಪಿನ್ನಿನಲ್ಲಿ ಮಾತ್ರ ಈ ಮಾತು ನಡೆಯುವುದಿಲ್ಲ. ಅಲ್ಲಿ ಮೊದಲು ಹೆಣ್ಣುಪಿನ್ನನ್ನು ಸಣ್ಣ ಪಕ್ಕಡಿಂದ ಮೆಲ್ಲಗೆ ಅದುಮಿ ಬಿಗಿ ಮಾಡಿಕೊಳ್ಳಬೇಕು ಅಥವಾ ಬದಲಿಸಬೇಕು. ಗ್ರೀಸು ಕಾಯುತ್ತದೆ, ಗುಣಪಡಿಸುವುದಿಲ್ಲ. ಕಿಲುಬು ಹಿಡಿದ ಪಿನ್ನಿಗೆ ಹಾಗೆಯೇ ಸವರಿದರೆ ಕಿಲುಬನ್ನೇ ಜೋಪಾನ ಮಾಡಿದಂತಾಗುತ್ತದೆ.

ಇವೆರಡರ ನಡುವೆ ಆಯ್ಕೆ ಹೇಗೆ ಎನ್ನುವುದೇ ಈ ಹೋಲಿಕೆಯ ಮುಖ್ಯ ಪ್ರಶ್ನೆ. ಕೇವಲ ಮಿಲಿವೋಲ್ಟ್ ನೋಡಿದರೆ ವ್ಯಾಸಲೀನ್ ಸೋತಿಲ್ಲ, ಮತ್ತು ಸಿಲಿಕೋನ್ ಗ್ರೀಸಿನ ಒಂದು ಸಣ್ಣ ಟ್ಯೂಬಿಗೆ ನಾನು ಕೊಟ್ಟ ಹಣದಲ್ಲಿ ಐದಾರು ಡಬ್ಬಿ ವ್ಯಾಸಲೀನ್ ಬರುತ್ತಿತ್ತು. ಆದರೆ ವ್ಯಾಸಲೀನ್ ನಮ್ಮ ಮೈಯ ಕಾವಿಗಿಂತ ತುಸು ಹೆಚ್ಚಿನ ಉಷ್ಣತೆಯಲ್ಲಿಯೇ ಕರಗತೊಡಗುವ ವಸ್ತು. ಎಂಜಿನ್ನಿನ ಪಕ್ಕದ ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ಕಪ್ಲರಿಗೆ ಹಚ್ಚಿದ್ದು ಒಂದೇ ಬೇಸಿಗೆಯಲ್ಲಿ ಹರಿದು ಹೋಗಿ, ಕೆಳಗಿನ ಪೈಪಿನ ಮೇಲೆ ಕರಿ ಗೆರೆಯಾಗಿ ಒಣಗಿತ್ತು. ಕಪ್ಲರಿನೊಳಗೆ ತೆಳ್ಳನೆಯ ಜಿಡ್ಡು ಮಾತ್ರ ಉಳಿದಿತ್ತು. ಸಿಲಿಕೋನ್ ಗ್ರೀಸು ಸುಮಾರು 200 ಡಿಗ್ರಿಯವರೆಗೂ ನಿಂತಲ್ಲಿಯೇ ನಿಲ್ಲುತ್ತದೆ. ಎರಡನೆಯದಾಗಿ, ವ್ಯಾಸಲೀನಿನಂಥ ಪೆಟ್ರೋಲಿಯಂ ಮೂಲದ ಜಿಡ್ಡು ಸಾಮಾನ್ಯ ರಬ್ಬರನ್ನು ದಿನಗಳೆದಂತೆ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಸಿಲಿಕೋನ್ ಗ್ರೀಸಿನಿಂದ ಆ ತೊಂದರೆ ಬರುವುದು ಸೀಲು ಸಿಲಿಕೋನ್ ರಬ್ಬರಿನದಾಗಿದ್ದರೆ ಮಾತ್ರ. ಆದ್ದರಿಂದ ಬ್ಯಾಟರಿಯ ಟರ್ಮಿನಲ್ಲಿಗೆ ನಾನು ಇಂದಿಗೂ ವ್ಯಾಸಲೀನನ್ನೇ ಹಚ್ಚುತ್ತೇನೆ, ಅಲ್ಲಿ ಅದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಹೆಡ್‌ಲೈಟ್, ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಗೆಯ ಒಳಬಾಯಿ, ಎಂಜಿನ್ನಿನ ಹತ್ತಿರದ ಕಪ್ಲರುಗಳು, ರಬ್ಬರ್ ಸೀಲು ಇರುವ ಕಡೆ – ಇಲ್ಲೆಲ್ಲ ಸಿಲಿಕೋನಿಗೆ ಕೊಟ್ಟ ಹಣ ವ್ಯರ್ಥವಲ್ಲ. ಗಾಲಿಯ ಬೇರಿಂಗಿಗೆ ಹಾಕುವ ಹಳದಿ ಗ್ರೀಸನ್ನು ಕಪ್ಲರಿಗೆ ಹಾಕುವ ಪದ್ಧತಿಯೂ ಕೆಲವು ಗ್ಯಾರೇಜುಗಳಲ್ಲಿದೆ. ಅದು ದೂಳನ್ನು ಹಿಡಿದು ಅರೆಯುವ ಹಿಟ್ಟಿನಂತಾಗುವುದನ್ನು ಒಂದು ಸಲ ಕಂಡ ಮೇಲೆ ನಾನು ಅದರ ಗೊಡವೆಗೆ ಹೋಗಲಿಲ್ಲ.

ಸ್ಪ್ರೇಗಳ ವಿಷಯದಲ್ಲಿ ಜನರ ನಂಬಿಕೆ ಅಗತ್ಯಕ್ಕಿಂತ ಹೆಚ್ಚಾಗಿದೆ. ಡಬ್ಲ್ಯೂಡಿ-40 ಎಂಬ ಹೆಸರಿನಲ್ಲಿಯೇ ಅದರ ಕೆಲಸವಿದೆ: 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಪಕ್ಕಕ್ಕೆ ಸರಿಸುವ (ವಾಟರ್ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಡಬ್ಲ್ಯೂಡಿ) ದ್ರವವೊಂದಕ್ಕಾಗಿ ನಡೆದ ಪ್ರಯತ್ನಗಳಲ್ಲಿ ನಲವತ್ತನೆಯದು ಕೈಗೂಡಿತು, ಅದೇ ಹೆಸರಾಯಿತು. ನೆನೆದ ಹಾರ್ನಿನ ಪಿನ್ನಿಗೆ ಹೊಡೆದರೆ ನೀರನ್ನು ಸರಿಸಿ ಆ ಕ್ಷಣಕ್ಕೆ ಹಾರ್ನನ್ನು ಎಬ್ಬಿಸುತ್ತದೆ, ಇದನ್ನು ನಾನು ಹಲವು ಸಲ ಕಂಡಿದ್ದೇನೆ. ಆದರೆ ಆರಿದ ಮೇಲೆ ಉಳಿಯುವುದು ಬಹಳ ತೆಳುವಾದ ಎಣ್ಣೆಯ ಪದರ. ಹಾರ್ನಿಗೆ ಅದೊಂದನ್ನೇ ಹೊಡೆಯುತ್ತ ಮಳೆಗಾಲ ಕಳೆಯಲು ನೋಡಿದೆ. ಮೂರು ವಾರಕ್ಕೊಮ್ಮೆ ಹೊಡೆದಾಗ ನಡೆಯಿತು, ಒಂದು ಸಲ ಮರೆತದ್ದೇ ಹಾರ್ನು ಗಂಟಲು ಕಟ್ಟಿದವನಂತೆ ಕೂಗತೊಡಗಿತು. ಕಾಂಟ್ಯಾಕ್ಟ್ ಕ್ಲೀನರಂತೂ ಪೂರ್ತಿ ಆರಿ ಹೋಗುವ ದ್ರವ, ತೊಳೆಯುವುದಷ್ಟೇ ಅದರ ಕೆಲಸ. ಗ್ರೀಸು ಹಚ್ಚುವ ಮೊದಲು ಅದರಿಂದ ತೊಳೆದು, ಗಟ್ಟಿ ಕಿಲುಬಿದ್ದರೆ ನುಣುಪಾದ ಉಜ್ಜುಕಾಗದದ ಸುರುಳಿಯಿಂದ ತಿಕ್ಕಬೇಕು. ಮನೆಯ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಒಪ್ಪುತ್ತದೆ, ಏಕೆಂದರೆ ಕೊಡವನ್ನು ಆಮೇಲೆ ನೀರಿನಲ್ಲಿ ಗಲಬರಿಸುತ್ತೇವೆ. ಪಿನ್ನಿನ ಸಂದಿಯಲ್ಲಿ ಉಳಿದ ಹುಳಿ ಹೊಸ ಕಿಲುಬಿಗೆ ದಾರಿಯಾಗುತ್ತದೆ.

ಹುಳಿಯ ಮಾತು ಬಂದದ್ದರಿಂದ ನನ್ನ ಒಂದು ಪ್ರಮಾದವನ್ನೂ ಹೇಳಿಬಿಡುತ್ತೇನೆ. ಬಾತ್‌ರೂಮಿನ ಸಿಂಕಿಗೆ ತಂದ ಸಿಲಿಕೋನ್ ಸೀಲೆಂಟು ಉಳಿದಿತ್ತೆಂದು ಟೇಲ್ ಲ್ಯಾಂಪಿನ ತಂತಿಗಳ ಜೋಡಣೆಗೆ ಅದನ್ನು ಬಳಿದೆ. ಮೂಗಿಗೆ ವಿನೆಗರಿನ ವಾಸನೆ ಹೊಡೆದಾಗಲೇ ಎಚ್ಚರಾಗಬೇಕಿತ್ತು. ಆ ಬಗೆಯ ಸೀಲೆಂಟು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ, ತಾಮ್ರಕ್ಕೆ ಅದು ಆಗದು. ನಾಲ್ಕು ತಿಂಗಳಿಗೆ ಕತ್ತರಿಸಿ ನೋಡಿದರೆ, ಒಂದು ಹನಿ ಮಳೆನೀರೂ ಹೋಗಿರದ ಆ ಗಟ್ಟಿ ಉಂಡೆಯೊಳಗೆ ತಂತಿಯ ಎಳೆಗಳು ಹಸಿರಾಗಿದ್ದವು. ವಾಸನೆ ಬಿಡದ, ನ್ಯೂಟ್ರಲ್ ಎಂದು ಬರೆದಿರುವ ಸೀಲೆಂಟು ಬೇರೆ ಸಿಗುತ್ತದೆ; ಬಳಿಯಲೇಬೇಕೆಂದರೆ ಅದನ್ನು ಬಳಿಯಬೇಕು.

ಮತ್ತೆ ಬಿಚ್ಚಬೇಕಿಲ್ಲದ, ಬೆಸುಗೆ ಹಾಕಿದ ಜೋಡಣೆಗಳಿಗೆ ಗ್ರೀಸು ತಕ್ಕುದಲ್ಲ. ಅಲ್ಲಿ ಕಾಯಿಸಿದರೆ ಕುಗ್ಗಿ ಬಿಗಿಯುವ, ಒಳಮೈಗೆ ಅಂಟು ಇರುವ ಹೀಟ್‌ಶ್ರಿಂಕ್ ಸ್ಲೀವು ಮತ್ತು ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ಎಂಬ ಎರಡು ದಾರಿಗಳಿವೆ. ಸ್ಲೀವನ್ನು ಕಾಯಿಸಿದಾಗ ಎರಡೂ ತುದಿಯಲ್ಲಿ ಅಂಟು ಮಣಿಯಂತೆ ಉಕ್ಕಿ ನಿಲ್ಲಬೇಕು. ಉಕ್ಕದಿದ್ದರೆ ಕಾವು ಸಾಲದಾಯಿತೆಂದೇ ಅರ್ಥ. ಅಂಟಿಲ್ಲದ ಅಗ್ಗದ ಸ್ಲೀವು ನೋಡಲು ಅಚ್ಚುಕಟ್ಟು, ನೀರಿನ ಮಟ್ಟಿಗೆ ಟೇಪಿನ ತಮ್ಮ. ರಬ್ಬರ್ ಟೇಪನ್ನು ಅದರ ಉದ್ದದ ಎರಡರಷ್ಟು ಎಳೆದು ಸುತ್ತಿದರೆ ಕೆಲ ತಾಸುಗಳಲ್ಲಿ ಪದರಗಳೆಲ್ಲ ಕೂಡಿ ಒಂದೇ ರಬ್ಬರಾಗುತ್ತದೆ. ಸ್ಲೀವು ತೂರಿಸಲಾಗದ, ಕವಲೊಡೆದ ಜೋಡಣೆಗೆ ಅದೇ ಗತಿ. ಎರಡು ವರ್ಷವಾದರೂ ಎರಡರಲ್ಲಿಯೂ ದೋಷ ಕಂಡಿಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ: ತಂತಿಯ ಪ್ಲಾಸ್ಟಿಕ್ ಹೊದಿಕೆ ಎಲ್ಲೋ ಒಂದು ಕಡೆ ಸೀಳಿದ್ದರೆ, ಬತ್ತಿ ಎಣ್ಣೆಯನ್ನು ಹೀರುವಂತೆ ಒಳಗಿನ ಎಳೆಗಳು ಅಲ್ಲಿಂದ ನೀರನ್ನು ಹೀರಿ ಗೇಣುಗಟ್ಟಲೆ ದೂರ ಸಾಗಿಸುತ್ತವೆ. ಹೊದಿಕೆ ಕೊಯ್ದಾಗ ತಾಮ್ರ ಕಪ್ಪಾಗಿ ಕಂಡರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಲೇ ಹೋಗಬೇಕು.

ರಬ್ಬರ್ ಸೀಲಿರುವ ಕಪ್ಲರುಗಳನ್ನು ಹೆಡ್‌ಲೈಟಿಗೆ ಮಾತ್ರ ಹಾಕಿಸಿದ್ದೇನೆ. ಅವುಗಳ ಮೇಲೆ ಐಪಿ67 ಎಂದಿರುತ್ತದೆ. ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ತಾಸು ಇಟ್ಟರೂ ಕೆಡದು ಎಂಬುದು ಅದರ ಅರ್ಥವೇ ಹೊರತು ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಪೈಪನ್ನು ಗೇಣುದ್ದದಲ್ಲಿ ಹಿಡಿದರೆ ತಾಳುತ್ತದೆ ಎಂದಲ್ಲ. ಆ ಪೈಪು ಮಳೆಗಿಂತ ಹೆಚ್ಚು ಕಪ್ಲರುಗಳನ್ನು ಕೊಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರೆಮಣ್ಣು ಒಣಗಿ ಕಲ್ಲಾಗುವ ಮೊದಲು ಮನೆಯ ನಳದ ನೀರಿನಿಂದ ನೆನೆಸಿ ಕೈಯಿಂದ ಬಿಡಿಸುವುದು ಬೇಸರದ ಕೆಲಸ, ಆದರೂ ಈಗ ಹಾಗೆಯೇ ಮಾಡುತ್ತೇನೆ.

ಇವೆಲ್ಲವುಗಳ ನಡುವೆ ಅರ್ಥಿಂಗ್ ಪಾಯಿಂಟನ್ನು ಮರೆಯುವವರೇ ಹೆಚ್ಚು. ಕರೆಂಟು ಬ್ಯಾಟರಿಗೆ ಮರಳುವ ತಂತಿಯ ತುದಿಯಲ್ಲಿ ಚಾಸಿಗೆ ಬೋಲ್ಟಿನಿಂದ ಬಿಗಿದ ಆ ರಿಂಗಿನ ಕೆಳಗೆ ಬಣ್ಣವಿದ್ದರೆ ಅಥವಾ ಜಂಗು ಹಿಡಿದಿದ್ದರೆ ಮೇಲಿನ ಯಾವ ಉಪಾಯವೂ ಪ್ರಯೋಜನಕ್ಕೆ ಬರುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಲೋಹ ಬಿಳುಪಾಗುವಂತೆ ಉಜ್ಜಿ, ರಿಂಗನ್ನು ಬಿಗಿದ ಮೇಲೆ ಅದರ ಮೇಲೆ ದಪ್ಪಗೆ ವ್ಯಾಸಲೀನ್ ಮೆತ್ತಬೇಕು.

ಈ ವರ್ಷ ಮೃಗಶಿರಾ ಮಳೆ ಹಿಡಿಯುವ ಮೊದಲು ಒಂದೇ ಜಾಗ ಬಾಕಿ ಉಳಿದಿದೆ: ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನಿಂದ, ಅದನ್ನು ಬ್ಯಾಟರಿಗೆ ಒಪ್ಪುವ ಡಿಸಿಯಾಗಿ ಮಾಡುವ ರೆಕ್ಟಿಫೈಯರಿಗೆ ಹೋಗುವ ಮೂರು ಹಳದಿ ತಂತಿಗಳ ಕಪ್ಲರು. ಗಾಡಿಯಲ್ಲಿ ಹೆಚ್ಚು ಕರೆಂಟು ಸದಾ ಹರಿಯುವ ಜೋಡಣೆ ಅದೇ ಆದ್ದರಿಂದ ಕಪ್ಲರನ್ನೇ ತೆಗೆದು ಬೆಸುಗೆ ಹಾಕಿ ಸ್ಲೀವು ತೊಡಿಸಬೇಕೆಂಬುದು ನನ್ನ ವಾದ. ಮಿಸ್ತ್ರಿ ಒಪ್ಪುತ್ತಿಲ್ಲ. "ನಾಳೆ ರೆಕ್ಟಿಫೈಯರ್ ಹೋದ್ರ ಏನ್ ಮಾಡ್ತೀರಿ, ಮತ್ತ ಕತ್ತರಿ ಹಾಕ್ತೀರೇನ್ರಿ?" ಎಂದು ಕೇಳಿ, ಅದಕ್ಕೂ ಸಿಲಿಕೋನ್ ಗ್ರೀಸನ್ನೇ ತುಂಬಿ, ಬಾಯಿ ಕೆಳಗೆ ಮಾಡಿ ಕಟ್ಟಿ ಕಳಿಸಿದ್ದಾರೆ.