ದ್ರೌಪದಿ ಜೂಡಾ ಪಿನ್: ಎರಡೂವರೆ ವರ್ಷ ತುರುಬಿಗೆ ಚುಚ್ಚಿಕೊಂಡ ಮೇಲೆ

ಪಾರ್ಸಲ್ ಬಂದ ಮೂರನೇ ದಿನಕ್ಕೇ ಐದು ಸ್ಟಾರ್ ಒತ್ತಿ ಕೂತವಳು ನಾನು. ಈಗ ಅದರಲ್ಲಿ ಒಂದೂವರೆ ಸ್ಟಾರ್ ವಾಪಸ್ ತಗೊಳ್ಳೋಕೆ ಬಂದಿದ್ದೀನಿ.

ವಸ್ತು ಇಷ್ಟೇ: ಹಿತ್ತಾಳೆಯ ಎರಡು ಕಡ್ಡಿಯ ಜೂಡಾ ಪಿನ್, ಮೇಲೆ ಚಿನ್ನದ ಬಣ್ಣದ ಪಾಲಿಶ್. ತಲೆಯ ಭಾಗದಲ್ಲಿ ದ್ರೌಪದಿಯ ಓರೆ ಮುಖ, ಅವಳ ಬಿಚ್ಚಿದ ಕೂದಲು ಬೆಂಕಿಯ ನಾಲಗೆಗಳ ಹಾಗೆ ಮೇಲಕ್ಕೆ ಹರಡಿ ಜಾಲರಿಯಾಗಿದೆ. ಯಜ್ಞಕುಂಡದಿಂದ ಎದ್ದು ಬಂದವಳು ಅನ್ನೋದನ್ನ ಮಾಡಿದವರು ಮರೆತಿಲ್ಲ. ನಡುವೆ ಐದು ಕೆಂಪು ಹರಳು. ನಮ್ಮ ಪತ್ತಾರರ (ಅಕ್ಕಸಾಲಿಗರ) ತಕ್ಕಡಿಯಲ್ಲಿ ತೂಗಿದಾಗ 38 ಗ್ರಾಂ ಬಂತು. ಕೊಟ್ಟಿದ್ದು 849 ರೂಪಾಯಿ.

ಮುಡಿ ಕಟ್ಟಲಾರೆ ಅಂತ ಹಟ ಹಿಡಿದವಳ ಹೆಸರಲ್ಲಿ ಮುಡಿ ಕಟ್ಟೋ ಕಡ್ಡಿ ಮಾರ್ತಾರಲ್ಲ, ಇದನ್ನ ನಾನು ಮುಧೋಳದವಳಾಗಿ ಹೇಳದೇ ಬಿಟ್ಟರೆ ತಪ್ಪಾಗುತ್ತೆ. ರನ್ನ ನಮ್ಮೂರವನು, 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ಅವನ ಗದಾಯುದ್ಧದಲ್ಲೂ ಭೀಮನನ್ನ ಕೆಣಕೋದು ಈ ಕೂದಲೇ. ಅವನಿಗಿಂತ ಮುಂಚೆ ಪಂಪ, ಮಹಾಭಾರತ ಶುರುವಾಗಿದ್ದೇ ಈ ಕೇಶಪಾಶದಿಂದ ಅಂತ ಭೀಮನ ಬಾಯಲ್ಲಿ ಹೇಳಿಸಿಬಿಟ್ಟ. ವ್ಯಾಸರಲ್ಲಿ ಕೃಷ್ಣ ಸಂಧಾನಕ್ಕೆ ಹೊರಟಾಗ ಅವಳು ಕೈಯಲ್ಲಿ ಕೂದಲು ಹಿಡಿದುಕೊಂಡೇ ಎದುರು ನಿಲ್ತಾಳೆ, ಇದನ್ನ ಮರೀಬೇಡ ಅಂತ. ಇಷ್ಟೆಲ್ಲ ಓದಿಕೊಂಡವಳು ಕಾಲೇಜಿಗೆ ಕನ್ನಡ ಪಾಠ ಮಾಡಲು ಹೋಗುವಾಗ ಇದನ್ನ ಮುಡಿಯದೆ ಇರ್ತಾಳೆಯೇ!

ಮನೆಯಲ್ಲಿ ಮಾತ್ರ ಬೇರೆ ಕಥೆ. ಅದನ್ನ ಮುಡಿದು ಮೊದಲ ಸಲ ಮದುವೆಗೆ ಹೊರಟಾಗ ನಮ್ಮ ಅತ್ತಿ ಬಾಗಿಲಲ್ಲೇ ತಡೆದರು. "ಯವ್ವಾ, ಕೂದಲಾ ಬಿಚ್ಚಿಕೊಂಡ ಹೆಣಮಗಳನ್ನ ತಲಿ ಮ್ಯಾಲ ಇಟ್ಕೊಂಡು ಅಕ್ಕಿಕಾಳಿಗೆ ಹೊಂಟೀಯಲ್ಲ, ಅವರರ ಏನ ಅಂದಾರು?" ಅವರ ಮಟ್ಟಿಗೆ ದ್ರೌಪದಿ ಅಂದರೆ ದೊಡ್ಡಾಟ ಅನ್ನೋ ನಮ್ಮ ಕಡೆಯ ಬಯಲಾಟದ ದ್ರೌಪದಿ: ಗಂಡಸೊಬ್ಬ ಚೌರಿ ಬಿಚ್ಚಿ ಗೋಳಾಡಿದ ರಾತ್ರಿ ಊರಿನ ಹೆಂಗಸರೆಲ್ಲ ಅತ್ತಿದ್ದು. ಕೊನೆಗೆ ರಾಜಿಯಾಯಿತು, ಪಿನ್ ಮೇಲೆ ಮಲ್ಲಿಗೆ ಮಾಲೆ ಸುತ್ತಿದರು. ಮುಖವೂ ಇಲ್ಲ, ಬೆಂಕಿಯೂ ಇಲ್ಲ. ಹೂ ಮುಡಿಯುವವರು ಇದಕ್ಕೆ 849 ಕೊಡಬೇಡಿ, ಹತ್ತು ರೂಪಾಯಿಯ ಕಪ್ಪು ಕಡ್ಡಿ ಸಾಕು.

ಹಿಡಿತ ನಿಜವಾಗಿಯೂ ಚೆನ್ನಾಗಿದೆ. ನನ್ನದು ಸೊಂಟದವರೆಗಿನ ದಪ್ಪ ಕೂದಲು, ಬೆಳಗ್ಗೆ ಒಂಬತ್ತಕ್ಕೆ ಸುತ್ತಿ ಚುಚ್ಚಿದರೆ ಸಂಜೆ ಐದರವರೆಗೆ ಅಲುಗಲ್ಲ. ತಲೆಗೆ ಎಣ್ಣೆ ಹಾಕಿದ ದಿನ ಮಾತ್ರ ಮಧ್ಯಾಹ್ನಕ್ಕೆ ಕುತ್ತಿಗೆಗೆ ಇಳಿದಿರುತ್ತೆ. ಹೆಗಲಷ್ಟೇ ಕೂದಲಿರೋ ನಮ್ಮ ನಾದಿನಿ ಹಾಕಿದಾಗ ಅರ್ಧ ಗಂಟೆಯೂ ನಿಲ್ಲಲಿಲ್ಲ. ಸ್ಕೂಟಿಯವರಿಗೆ ಇದು ಆಗಿಬರಲ್ಲ, ಹೆಲ್ಮೆಟ್ ಒಳಗೆ ತುರುಬೇ ಕೂರಲ್ಲ. ಬಸ್ಸಿನಲ್ಲಿ ಬಾಗಲಕೋಟೆಗೆ ಹೋಗುವಾಗ ಸೀಟಿಗೆ ತಲೆ ಒರಗಿಸುವಂತಿಲ್ಲ, ಕಡ್ಡಿ ಒತ್ತುತ್ತೆ. ಏಪ್ರಿಲ್ ಬಿಸಿಲಲ್ಲಿ ನಡೆದು ಬಂದು ಮುಟ್ಟಿ ನೋಡಿ, ದ್ರೌಪದಿ ಬೆಂಕಿಯಲ್ಲಿ ಹುಟ್ಟಿದ್ದು ಬೆರಳಿಗೇ ಗೊತ್ತಾಗುತ್ತೆ.

ಸಿಟ್ಟು ಬಂದಿದ್ದು ಸೀರೆ ವಿಷಯಕ್ಕೆ. ಜಾಲರಿಯ ತುದಿಗಳನ್ನ ಸರಿಯಾಗಿ ಉಜ್ಜಿಲ್ಲ. ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದಾಗ ಟೋಪಿ ತೆನೆ ಅನ್ನೋ ಸೆರಗಿನ ವಿನ್ಯಾಸದ ರೇಷ್ಮೆ ಎಳೆಗಳು ಅದಕ್ಕೆ ಸಿಕ್ಕಿ ಎರಡು ಕಡೆ ಎದ್ದು ಬಂದವು. ಅದು ನಮ್ಮವ್ವ ಕೊಟ್ಟ ಸೀರೆ. ಆಮೇಲೆ ಪತ್ತಾರರ ಹತ್ತಿರ ಅರ ಹಾಕಿಸಿ ತುದಿಗಳನ್ನ ನುಣುಪು ಮಾಡಿಸಿದೆ, ಐವತ್ತು ರೂಪಾಯಿ ತಗೊಂಡರು. ನೀವು ತರಿಸಿದರೆ ಮುಡಿಯೋಕೆ ಮುಂಚೆಯೇ ಈ ಕೆಲಸ ಮುಗಿಸಿ.

ಇನ್ನು ಹರಳು. ಎಂಟನೇ ತಿಂಗಳಿಗೆ ಒಂದು ಉದುರಿತು. ಯಾವ ಗಂಡ ಬಿದ್ದ ಅಂತ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆ. ಮಹಾಪ್ರಸ್ಥಾನದಲ್ಲಿ, ಅಂದರೆ ಪಾಂಡವರ ಕೊನೆಯ ಪಯಣದಲ್ಲಿ, ಐವರ ಪೈಕಿ ಮೊದಲು ಬಿದ್ದವನು ಸಹದೇವ, ಹಾಗಾಗಿ ಇದೂ ಅವನೇ ಅಂತ ತೀರ್ಮಾನವಾಯಿತು. ವರ್ಷ ತುಂಬುವಷ್ಟರಲ್ಲಿ ನಕುಲನೂ ಹೋದ. ಮಾರಿದವರಿಗೆ ಫೋಟೊ ಕಳಿಸಿದೆ. "ನೀರು ತಾಗಿಸಿದ್ದೀರಾ ಮೇಡಂ?" ಅಂತ ಕೇಳಿದರು. ತಲೆಗೆ ಹಾಕೋ ವಸ್ತು, ಬೆವರಾದರೂ ತಾಗಲ್ವಾ ಅಂದೆ. ಅಲ್ಲಿಗೆ ಉತ್ತರ ನಿಂತಿತು. ಉಳಿದ ಮೂವರನ್ನ ಪತ್ತಾರರು ಕಿತ್ತು ಮತ್ತೆ ಕೂರಿಸಿಕೊಟ್ಟರು, ಈವರೆಗೆ ಗಟ್ಟಿಯಾಗಿದ್ದಾರೆ.

ಪಾಲಿಶ್ ಒಂದು ವರ್ಷದ ಮಾತು ಅಷ್ಟೇ. ಮೊದಲು ಮೂಗು, ಆಮೇಲೆ ಕೂದಲ ತುದಿ, ಕೊನೆಗೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಕಾಣಿಸೋಕೆ ಶುರುವಾಯಿತು. ನಮ್ಮ ಬೋರಿನ ಸವಳು ನೀರಿಗೆ ಸ್ಟೀಲ್ ತಂಬಿಗೆಯೇ ಬಿಳಿಚಿಕೊಳ್ಳುತ್ತೆ, ಇದೆಷ್ಟು ದಿನ ತಡೆದೀತು. ಒದ್ದೆ ತುರುಬಿಗೆ ಚುಚ್ಚಿ ಮರೆತ ವಾರ ಕಡ್ಡಿಯ ಮೇಲೆ ಹಸಿರು ಕಿಲುಬು ಕೂಡ ಬಂತು. ಹುಣಸೆಹಣ್ಣು, ಉಪ್ಪು ಹಾಕಿ ದೇವರ ಸಾಮಾನಿನ ಜೊತೆ ತಿಕ್ಕಿದೆ. ಉಳಿದ ಪಾಲಿಶ್ ಪೂರ್ತಿ ಹೋಗಿ ಒಳಗಿನ ಹಿತ್ತಾಳೆ ಹೊರಬಂತು. ನೋಡಿದರೆ ಇದೇ ಚೆಂದ! ಕೆತ್ತನೆಯ ಗೆರೆಗಳಲ್ಲಿ ಕಪ್ಪು ಉಳಿದು, ಮುಖಕ್ಕೆ ಒಂದು ಗಡಸು ಬಂದಿದೆ. ಮದುಮಗಳ ಹಾಗಿದ್ದವಳು ಈಗ ಹದಿಮೂರು ವರ್ಷ ವನವಾಸ, ಅಜ್ಞಾತವಾಸ ಮುಗಿಸಿ ಬಂದವಳ ಹಾಗೆ ಕಾಣ್ತಾಳೆ. ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಈ ಮಾಸಲು ಬಣ್ಣವೇ ಒಪ್ಪುತ್ತೆ.

ಹಾಗಾಗಿ ಮೂರೂವರೆ ಸ್ಟಾರ್. ಕಳೆದ ಒಂದೂವರೆಯಲ್ಲಿ ಒಂದು ಸೀರೆಗೆ, ಅರ್ಧ ಆ ನೀರಿನ ಪ್ರಶ್ನೆಗೆ. ತಗೊಳ್ಳೋರು ಎರಡು ಕಡ್ಡಿಯದ್ದನ್ನೇ ತಗೊಳ್ಳಿ, ಒಂದು ಕಡ್ಡಿಯದ್ದು ತಿರುಗಿ ದ್ರೌಪದಿ ತಲೆಕೆಳಗಾಗ್ತಾಳೆ ಅಂತ ನನ್ನ ಸಹೋದ್ಯೋಗಿಯ ಅನುಭವ. ಪಾಲಿಶ್ ಇಲ್ಲದೆ ಬರೀ ಹಿತ್ತಾಳೆಯದು ಸಿಗುತ್ತಾ ಅಂತ ಮೊದಲು ಕೇಳಿ ನೋಡಿ.